ಬೊಗಳೆಯ ಬಂಡವಾಳ: ‘ಡಿಬಂಕ್’ ಎಂಬ ಕ್ರಿಯಾಪದವನ್ನು ಕುರಿತು

[ಭಾನುವಾರ ಸಂಜೆ ವಾಚನಾಲಯದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಪಾಠ]



ಹೋದ ಭಾನುವಾರದ ಕೂಟ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದ ಹೊತ್ತಿನಲ್ಲಿ ನೂಲುವ ಖಾತೆಯ ತರುಣ ಸಂಗಾತಿಯೊಬ್ಬರು ಇಂಗ್ಲಿಷ್ ಪತ್ರಿಕೆಯ ಒಂದು ಹಾಳೆಯನ್ನು ನಮ್ಮ ಮುಂದೆ ಹಿಡಿದರು. ಅದರ ತಲೆಬರಹದಲ್ಲಿ ‘ಡಿಬಂಕ್’ ಎಂಬ ಮಾತಿತ್ತು. “ಇದೇನು ಸಾರ್, ಪೆಟ್ರೋಲ್ ಬಂಕ್ ಮುಚ್ಚಿಸೋದಾ?” ಎಂದು ಕೇಳಿದರು. ಸುತ್ತ ಇದ್ದವರು ನಕ್ಕರು. ನಕ್ಕವರಲ್ಲಿ ಎಷ್ಟು ಜನಕ್ಕೆ ಅರ್ಥ ಗೊತ್ತಿತ್ತು ಎಂದು ನಾವು ಕೇಳಲಿಲ್ಲ. ಕೇಳಿದ್ದರೆ ಮೊದಲು ನಾವೇ ಸಿಕ್ಕಿಬೀಳುತ್ತಿದ್ದೆವು. ಅರ್ಥ ತಿಳಿದಿತ್ತೇ ಹೊರತು ಮಾತು ಎಲ್ಲಿಂದ ಬಂತೆಂಬುದು ತಿಳಿದಿರಲಿಲ್ಲ. ಈ ವಾರ ಕೂತು ಓದಿದೆವು. ಓದಿದಷ್ಟನ್ನು ನಿಮ್ಮ ಮುಂದೆ ಇಡುತ್ತೇವೆ.

ಮೊದಲು ಆ ತರುಣರ ಪ್ರಶ್ನೆಗೇ ಉತ್ತರ. ಪೆಟ್ರೋಲ್ ಬಂಕಿಗೂ ಇದಕ್ಕೂ ನಂಟಿಲ್ಲ. ಗೂಡಂಗಡಿಯನ್ನು ಬಂಕ್ ಎನ್ನುವವರಿದ್ದಾರೆ, ಅದಕ್ಕೂ ಇಲ್ಲ. ನಮ್ಮ ಮಕ್ಕಳು ಕಾಲೇಜಿಗೆ ಬಂಕ್ ಹೊಡೆಯುತ್ತಾರಲ್ಲ, ಅದಕ್ಕೂ ಇಲ್ಲ. ಹಡಗಿನಲ್ಲಿ, ರೈಲಿನಲ್ಲಿ ಒಂದರ ಮೇಲೊಂದು ಇರುವ ಮಲಗುವ ಹಲಗೆಯೂ ಬೇರೆಯದೇ ಬಂಕ್. ನಾವು ಹೇಳಲಿರುವ ಬಂಕ್ ಅಮೆರಿಕದ ಒಂದು ತಾಲ್ಲೂಕಿನ ಹೆಸರಿನಿಂದ ಬಂದದ್ದು. ಅದು ಹುಟ್ಟಿದ್ದು ಒಂದು ಶಾಸನಸಭೆಯ ಭಾಷಣದಲ್ಲಿ ಎಂದರೆ ನಿಮಗೆ ಆಶ್ಚರ್ಯವಾಗಲಾರದು.

೧೮೨೦ನೆಯ ಇಸವಿ. ವಾಷಿಂಗ್ಟನ್ನಿನ ಪ್ರತಿನಿಧಿ ಸಭೆಯಲ್ಲಿ ಮಿಸೂರಿ ಪ್ರಾಂತವನ್ನು ರಾಜ್ಯವಾಗಿ ಸೇರಿಸಿಕೊಳ್ಳುವ ಪ್ರಶ್ನೆ. ಹೊಸ ರಾಜ್ಯದಲ್ಲಿ ಮನುಷ್ಯರನ್ನು ಗುಲಾಮರಾಗಿ ಇಟ್ಟುಕೊಳ್ಳಬಹುದೋ ಬಾರದೋ ಎಂಬುದು ಜಗಳದ ಬೇರು. ಆ ವರ್ಷದ ಜನಗಣತಿಯಂತೆ ಆ ದೇಶದಲ್ಲಿ ೧೫ ಲಕ್ಷಕ್ಕೂ ಹೆಚ್ಚು ಗುಲಾಮರಿದ್ದರು. ವಾರಗಟ್ಟಲೆ ಚರ್ಚೆ ನಡೆದು, ಇನ್ನು ಮತಕ್ಕೆ ಹಾಕಬೇಕು ಎನ್ನುವ ಹೊತ್ತಿಗೆ ಉತ್ತರ ಕೆರೋಲೈನಾದ ಸದಸ್ಯ ಫೀಲಿಕ್ಸ್ ವಾಕರ್ ಎದ್ದು ನಿಂತರು. ಅವರ ಕ್ಷೇತ್ರದಲ್ಲಿ ಬಂಕಂ ಎಂಬ ಜಿಲ್ಲೆಯಿತ್ತು. ತಾಲ್ಲೂಕು ಎಂದೆವು, ಅವರ ‘ಕೌಂಟಿ’ ನಮ್ಮ ತಾಲ್ಲೂಕಿಗಿಂತ ದೊಡ್ಡದೋ ಚಿಕ್ಕದೋ ಎಂಬ ತಕರಾರು ಬೇಡ. ಸದಸ್ಯರು ಬೇಸತ್ತು “ಮತಕ್ಕೆ ಹಾಕಿ, ಮತಕ್ಕೆ ಹಾಕಿ” ಎಂದು ಕೂಗಿದರು. ವಾಕರ್ ಕೂರಲಿಲ್ಲ. ತಾನು ಈ ಸಭೆಗಾಗಿ ಮಾತನಾಡುತ್ತಿಲ್ಲ, ಬಂಕಂ ಜನರಿಗಾಗಿ ಮಾತನಾಡುತ್ತಿದ್ದೇನೆ ಎಂದು ಅವರು ಹೇಳಿದರೆಂದು ಪ್ರತೀತಿ. ಎಂದರೆ, ಇಲ್ಲಿ ಕೇಳುವವರಿಗೆ ಉಪಯೋಗವಿಲ್ಲದಿದ್ದರೂ ಚಿಂತೆಯಿಲ್ಲ, ನಮ್ಮ ಪ್ರತಿನಿಧಿ ಸಭೆಯಲ್ಲಿ ಬಾಯಿಬಿಟ್ಟರು ಎಂದು ಊರಿನವರಿಗೆ ತಿಳಿದರೆ ಸಾಕು.

ಹದಿನೈದು ಲಕ್ಷ ಜನರ ಕಾಲಿನ ಸರಪಳಿಯ ವಿಚಾರ ಸಭೆಯ ಮುಂದಿತ್ತು. ಈ ಮಹಾಶಯರಿಗೆ ಬೇಕಾಗಿದ್ದದ್ದು ಊರಿನ ಚಪ್ಪಾಳೆ. ಆ ದಿನದಿಂದ ಅರ್ಥವಿಲ್ಲದ, ಬರಿಯ ತೋರಿಕೆಯ ಮಾತಿಗೆ ‘ಬಂಕಂ’ ಎಂಬ ಹೆಸರು ಬಿತ್ತು. ಕಾಗುಣಿತ ಬದಲಾಯಿತು, ೧೯೦೦ರ ಸುಮಾರಿಗೆ ಬಾಲವೂ ಕತ್ತರಿಸಿ ‘ಬಂಕ್’ ಆಯಿತು. ಆ ಜಿಲ್ಲೆ ಇಂದಿಗೂ ಇದೆ, ಆಶ್‌ವಿಲ್ ಅದರ ಮುಖ್ಯ ಪಟ್ಟಣ. ಕರ್ನಲ್ ಎಡ್ವರ್ಡ್ ಬಂಕಂ ಎಂಬ ಸೇನಾಧಿಕಾರಿಯ ನೆನಪಿಗೆ ಇಟ್ಟ ಹೆಸರದು. ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿ ಸತ್ತ ಆತನ ಹೆಸರು ಬೊಗಳೆಗೆ ಅಂಟಿಕೊಂಡದ್ದು ಆತನ ದುರದೃಷ್ಟ.

ಈ ಬಂಕ್ ಎಂಬ ಮಾತಿಗೆ ಲೋಕಪ್ರಸಿದ್ಧಿ ತಂದುಕೊಟ್ಟವರು ಮೋಟಾರು ತಯಾರಿಸಿದ ಹೆನ್ರಿ ಫೋರ್ಡ್. ಇತಿಹಾಸವೆಂಬುದು ಹೆಚ್ಚುಕಡಿಮೆ ಬಂಕ್ ಎಂದು ೧೯೧೬ರಲ್ಲಿ ‘ಷಿಕಾಗೋ ಟ್ರಿಬ್ಯೂನ್’ ಪತ್ರಿಕೆಯ ಬಾತ್ಮೀದಾರರ ಮುಂದೆ ಅವರು ಅಂದುಬಿಟ್ಟರು. ಅದೇ ವರ್ಷ ಆ ಪತ್ರಿಕೆ ಬೇರೊಂದು ವಿಷಯಕ್ಕೆ ಫೋರ್ಡರನ್ನು ಅಜ್ಞಾನಿ, ಅರಾಜಕವಾದಿ ಎಂದು ಬರೆಯಿತು. ಫೋರ್ಡ್ ಹತ್ತು ಲಕ್ಷ ಡಾಲರಿಗೆ ಮಾನನಷ್ಟದ ದಾವೆ ಹೂಡಿದರು. ೧೯೧೯ರಲ್ಲಿ ವಿಚಾರಣೆ. ಪತ್ರಿಕೆಯ ವಕೀಲರು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿ ಇತಿಹಾಸದ ಪ್ರಶ್ನೆಗಳನ್ನೇ ಕೇಳಿದರು. ಅಮೆರಿಕದ ಕ್ರಾಂತಿ ಯಾವಾಗ ನಡೆಯಿತೆಂದರೆ ೧೮೧೨ ಎಂದರು. ಆ ಕ್ರಾಂತಿಯ ಕಾಲದ ಹೆಸರಾಂತ ದ್ರೋಹಿ ಬೆನೆಡಿಕ್ಟ್ ಆರ್ನಲ್ಡ್ ಯಾರೆಂದರೆ ಒಬ್ಬ ಬರೆಹಗಾರನಿರಬೇಕು ಎಂದರು. ಕೊನೆಗೆ ಜ್ಯೂರಿ ಫೋರ್ಡರ ಪಕ್ಷಕ್ಕೇ ತೀರ್ಪು ಕೊಟ್ಟಿತು. ಪರಿಹಾರ ಎಷ್ಟು ಗೊತ್ತೇ? ಆರು ಸೆಂಟು. ನಮ್ಮ ಲೆಕ್ಕದಲ್ಲಿ ಆರು ಕಾಸು ಎನ್ನಿ. ಗೆದ್ದವರು ಯಾರು, ಸೋತವರು ಯಾರು ಎಂದು ನೀವೇ ಹೇಳಿ.

ಇಲ್ಲಿಯವರೆಗೆ ನಾಮಪದದ ಕತೆಯಾಯಿತು. ಕ್ರಿಯಾಪದ ಬಂದದ್ದು ೧೯೨೩ರಲ್ಲಿ. ವಿಲಿಯಂ ವುಡ್‌ವರ್ಡ್ ಎಂಬುವರು ‘ಬಂಕ್’ ಎಂಬ ಹೆಸರಿನದೇ ಒಂದು ಕಾದಂಬರಿ ಬರೆದು, ಅದರಲ್ಲಿ ‘ಡಿಬಂಕ್’ ಎಂಬ ಮಾತನ್ನು ಕಟ್ಟಿದರು. ಇವರು ಮೊದಲು ಜಾಹೀರಾತು ಬರೆಯುವ ವೃತ್ತಿಯಲ್ಲಿದ್ದವರು, ಆಮೇಲೆ ಬ್ಯಾಂಕಿನ ಕೆಲಸ. ಬೊಗಳೆಯನ್ನು ತುಂಬುವ ಕಸುಬು ಬಲ್ಲವರೇ ತೆಗೆಯುವ ಮಾತನ್ನು ಕೊಟ್ಟರು ಎಂದಾಯಿತು. ‘ಡಿ’ ಎಂಬ ಮುಂದೊಡಕಿಗೆ ತೆಗೆದುಹಾಕು ಎಂದರ್ಥ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸಿಪಾಯಿಗಳ ಮೈ ಬಟ್ಟೆಯಿಂದ ಹೇನು ತೆಗೆಯುವ ಕೆಲಸಕ್ಕೂ ಇದೇ ‘ಡಿ’ ಸೇರಿಸಿ ‘ಡಿಲೌಸ್’ ಎನ್ನುತ್ತಿದ್ದರು. ಹೇನು ತೆಗೆದರೆ ಬಟ್ಟೆಯನ್ನು ಸುಟ್ಟ ಹಾಗಲ್ಲ, ಬಟ್ಟೆ ಉಳಿಯುತ್ತದೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವುಡ್‌ವರ್ಡ್ ಆಮೇಲೆ, ೧೯೨೬ರಲ್ಲಿ, ಜಾರ್ಜ್ ವಾಷಿಂಗ್ಟನ್ನರ ಜೀವನಚರಿತ್ರೆಯನ್ನೂ ಬರೆದರು. ದೇವರ ಪಟಕ್ಕೆ ಹಾಕಿದಂತೆ ಹಾಕಿದ್ದ ಹೂಮಾಲೆಗಳನ್ನೆಲ್ಲ ತೆಗೆದು ಮನುಷ್ಯನನ್ನು ತೋರಿಸುವ ಪ್ರಯತ್ನ ಅದು. ವಾಷಿಂಗ್ಟನ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಶಾಲೆಯ ಪಾಠ ನೆನಪಾಗುತ್ತದೆ. ಹುಡುಗ ಕೈಗೊಡಲಿಯಿಂದ ಅಪ್ಪನ ಚೆರ್ರಿ ಗಿಡವನ್ನು ಕಡಿದ, ಅಪ್ಪ ಕೇಳಿದಾಗ ಸುಳ್ಳು ಹೇಳದೆ ಒಪ್ಪಿಕೊಂಡ. ಈ ಕತೆ ವೀಮ್ಸ್ ಎಂಬ ಪಾದ್ರಿ ಬರೆದ ಪುಸ್ತಕದ್ದು. ಅವರು ಊರೂರು ಸುತ್ತಿ ಪುಸ್ತಕ ಮಾರುತ್ತಿದ್ದವರು. ವಾಷಿಂಗ್ಟನ್ ತೀರಿಕೊಂಡದ್ದು ೧೭೯೯ರಲ್ಲಿ. ಪುಸ್ತಕ ಹೊರಬಂದದ್ದು ಮರುವರ್ಷ. ಗಿಡ ಕಡಿದ ಕತೆ ಅದರಲ್ಲಿ ಕಾಣಿಸಿಕೊಂಡದ್ದು ೧೮೦೬ರ ಮುದ್ರಣದಲ್ಲಿ. ಅದಕ್ಕೆ ಮುಂಚಿನ ದಾಖಲೆ ಯಾವುದೂ ಇಲ್ಲ. ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಕಲಿಸಲು ಒಂದು ಸುಳ್ಳು ಕತೆ ಕಡಲು ದಾಟಿ ನಮ್ಮ ಊರಿನ ಶಾಲೆಯವರೆಗೂ ಬಂತು!

ಈಗ ನೋಡಿ, ನಾವು ಈ ನಿಮಿಷದಲ್ಲಿ ಮಾಡಿದ್ದೇ ‘ಡಿಬಂಕ್’. “ಆ ಕತೆ ಸುಳ್ಳು” ಎಂದಷ್ಟೇ ಹೇಳಿದ್ದರೆ ಅದು ಡಿಬಂಕ್ ಆಗುತ್ತಿರಲಿಲ್ಲ. ಎಲ್ಲಿ ಹುಟ್ಟಿತು, ಯಾವಾಗ ಸೇರಿತು, ಸೇರಿಸಿದವರು ಯಾರು, ಅವರ ಕಸುಬೇನು ಎಂದು ಹೊಲಿಗೆ ಬಿಚ್ಚಿ ತೋರಿಸಿದ್ದರಿಂದ ಆಯಿತು.

ಇನ್ನು ಬಳಕೆಯ ವಿಚಾರ. ಹುಟ್ಟಿದ ಕಾಲಕ್ಕೆ ಈ ಮಾತನ್ನು ಎಲ್ಲರೂ ಸ್ವಾಗತಿಸಲಿಲ್ಲ; ಇದು ಅಮೆರಿಕದ ಒರಟು ಮಾತೆಂದು ಮೂವತ್ತರ ದಶಕದಲ್ಲಿ ಮೂಗು ಮುರಿದ ಇಂಗ್ಲಿಷರಿದ್ದರು. ಈಗ ಅವರ ಪತ್ರಿಕೆಗಳಲ್ಲೂ ದಿನಬಳಕೆ. ಅಂತೂ ನ್ಯಾಯಾಲಯದ ತೀರ್ಪಿನಲ್ಲಿ ಬರೆಯುವಷ್ಟು ಗಂಭೀರವಲ್ಲ, ಬೀದಿಯ ಬೈಗುಳವೂ ಅಲ್ಲ. ಯಾವುದನ್ನು ಡಿಬಂಕ್ ಮಾಡುತ್ತಾರೆ? ವದಂತಿಯನ್ನು, ಪವಾಡವನ್ನು, ಬಹುಕಾಲ ನಂಬಿಸಿದ ಕತೆಯನ್ನು, ಡಂಗುರ ಹೊಡೆದ ಜಾಹೀರಾತನ್ನು. ಅಂಗಡಿಯ ಲೆಕ್ಕದಲ್ಲಿ ಏಳಕ್ಕೆ ಎಂಟು ಸೇರಿಸಿ ಹದಿನಾರು ಬರೆದಿದ್ದರೆ ಅದನ್ನು ತಿದ್ದುತ್ತೇವೆ, ಡಿಬಂಕ್ ಮಾಡುವುದಿಲ್ಲ. ಒಳಗೆ ಪೊಳ್ಳು, ಹೊರಗೆ ಮೆರುಗು ಇರಬೇಕು. ಆಗಲೇ ಈ ಕ್ರಿಯಾಪದಕ್ಕೆ ಕೆಲಸ.

ಇದರ ಹತ್ತಿರದ ಮಾತುಗಳಲ್ಲಿ ಎರಡನ್ನು ಗಮನಿಸಬೇಕು. ‘ಡಿನೈ’ ಎಂದರೆ ಇಲ್ಲವೆನ್ನುವುದು, ಅಲ್ಲಗಳೆಯುವುದು. ಅದಕ್ಕೆ ಪುರಾವೆ ಬೇಕಿಲ್ಲ, ನಾಲಿಗೆ ಇದ್ದರೆ ಸಾಕು. ‘ರಿಫ್ಯೂಟ್’ ಎಂದರೆ ಪುರಾವೆ ಕೊಟ್ಟು ತಪ್ಪೆಂದು ತೋರಿಸುವುದು. ಲ್ಯಾಟಿನ್ನಿನಿಂದ ಬಂದ, ಮಡಿಯುಟ್ಟ ಮಾತು. ಆದರೆ ಇಂದು ಮಂತ್ರಿಗಳೂ ಕಂಪೆನಿಗಳೂ ಬರಿದೆ ಇಲ್ಲವೆಂದಾಗಲೂ ಪತ್ರಿಕೆಗಳು ‘ರಿಫ್ಯೂಟ್’ ಎಂದೇ ಬರೆಯುತ್ತವೆ. ಪುರಾವೆಯ ಗೌರವ ಪುರಾವೆಯಿಲ್ಲದೆಯೇ ದಕ್ಕುತ್ತದೆ. ಭಾಷೆಯನ್ನು ಬಲ್ಲ ಇಂಗ್ಲಿಷರು ಇದನ್ನು ಆಕ್ಷೇಪಿಸುತ್ತಲೇ ಬಂದಿದ್ದಾರೆ, ಬಳಕೆ ಮಾತ್ರ ನಿಂತಿಲ್ಲ.

ನಮ್ಮಲ್ಲೂ ಇದೇ ಆಗಿದೆ. ಖಂಡಿಸು ಎಂಬ ಮಾತನ್ನು ತೆಗೆದುಕೊಳ್ಳಿ. ಖಂಡ ಎಂದರೆ ತುಂಡು. ಹಿಂದಿನ ಪಂಡಿತರು ವಾದದಲ್ಲಿ ಖಂಡಿಸುವುದೆಂದರೆ ಎದುರಾಳಿಯ ಮಾತನ್ನು ಮೊದಲು ‘ಪೂರ್ವಪಕ್ಷ’ವೆಂದು ಸರಿಯಾಗಿ ಇಟ್ಟು, ಆಮೇಲೆ ಒಂದೊಂದಾಗಿ ಕತ್ತರಿಸುವುದು. ಎದುರಾಳಿ ಹೇಳಿದ್ದನ್ನು ತಿರುಚಿದರೆ ವಾದವೇ ಕೆಟ್ಟಿತು. ಈಗ? “ಬೆಲೆಯೇರಿಕೆಯನ್ನು ತೀವ್ರವಾಗಿ ಖಂಡಿಸಿದರು.” ಏನನ್ನೂ ಕತ್ತರಿಸಿಲ್ಲ, ಗಂಟಲು ಏರಿಸಿದರು, ಅಷ್ಟೆ. ನಮ್ಮ ಠರಾವುಗಳಲ್ಲೂ ಈ ಮಾತು ಎಷ್ಟು ಬಾರಿ ಬಂದಿದೆ ಎಂದು ಹಳೆಯ ಕಡತ ತೆಗೆದು ಎಣಿಸಿದರೆ ನಾಚಿಕೆಯಾದೀತು.

ಇಲ್ಲಿ ಕೂತಿರುವ ವ್ಯಾಪಾರಿ ಮಿತ್ರರಿಗೆ ಹತ್ತಿರದ ಒಂದು ಸಂಗತಿ. ಹತ್ತು ರೂಪಾಯಿಯ ನಾಣ್ಯ! ಕೆಲವರ ಮುಖ ಆಗಲೇ ಹುಳ್ಳಗಾಯಿತು. ರೂಪಾಯಿಯ ಗುರುತಿಲ್ಲದ ನಾಣ್ಯ ಖೋಟಾ, ಅಂಚಿನಲ್ಲಿ ಹತ್ತು ಗೆರೆಯಿದ್ದರೆ ಅಸಲಿ, ಹದಿನೈದಿದ್ದರೆ ನಕಲಿ ಎಂದು ಎಲ್ಲಿಂದಲೋ ಒಂದು ಸುದ್ದಿ ಮೊಬೈಲುಗಳಲ್ಲಿ ಹರಿದಾಡಿತು. ೨೦೧೬ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಇದು ಸುಳ್ಳೆಂದು ಪ್ರಕಟಣೆ ಕೊಟ್ಟಿತು. ೨೦೧೮ರ ಜನವರಿಯಲ್ಲಿ ಮತ್ತೆ ಕೊಟ್ಟಿತು. ಆವರೆಗೆ ಹೊರಟ ಹತ್ತರ ನಾಣ್ಯಗಳು ೧೪ ವಿನ್ಯಾಸದವು, ಅವೆಲ್ಲವೂ ಚಲಾವಣೆಗೆ ಸಿಂಧು ಎಂದು ಸ್ಪಷ್ಟಪಡಿಸಿತು. ಆದರೂ ಅಂಗಡಿಯ ಗಲ್ಲಾಪೆಟ್ಟಿಗೆ ಆ ನಾಣ್ಯಕ್ಕೆ ಬಾಯಿ ತೆರೆಯಲಿಲ್ಲ. ಏಕೆ? “ನಾನು ತಗೋತೀನಿ ಸ್ವಾಮಿ, ನನ್ನ ಹತ್ತಿರ ಯಾರು ತಗೋತಾರೆ?” ಅಂಗಡಿಯವರ ಈ ಪ್ರಶ್ನೆ ಮೂರ್ಖರದಲ್ಲ. ಯಾರೂ ತೆಗೆದುಕೊಳ್ಳದಿದ್ದರೆ ಅಸಲಿ ನಾಣ್ಯವೂ ಖೋಟಾದಂತೆಯೇ. ಬ್ಯಾಂಕು ಹೇಳಿದ್ದು ಸತ್ಯ, ಆದರೆ ಅಷ್ಟಕ್ಕೇ ಬಂಕ್ ಹೋಗಲಿಲ್ಲ.

ನಾವು ನಮ್ಮ ಓಣಿಯ ಕಿರಾಣಿ ಅಂಗಡಿಯವರೊಡನೆ ಒಂದು ದಿನ ಕೂತು ಎರಡು ನಾಣ್ಯಗಳನ್ನು ಪಕ್ಕಪಕ್ಕದಲ್ಲಿ ಇಟ್ಟೆವು. ರೂಪಾಯಿಗೆ ಈಗಿನ ಗುರುತನ್ನು ಸರ್ಕಾರ ಒಪ್ಪಿದ್ದು ೨೦೧೦ರಲ್ಲಿ. ನಾಣ್ಯದ ಮೇಲೆ ಅದು ಬಂದದ್ದು ೨೦೧೧ರಿಂದ. ಅದಕ್ಕೆ ಮುಂಚೆ ಟಂಕಿಸಿದ ನಾಣ್ಯದಲ್ಲಿ ಇನ್ನೂ ಹುಟ್ಟದ ಗುರುತು ಎಲ್ಲಿಂದ ಬರಬೇಕು? ಅವರು ಕನ್ನಡಕ ಏರಿಸಿ ನಾಣ್ಯದ ಇಸವಿ ಓದಿದರು. ಗುರುತಿಲ್ಲದ್ದರಲ್ಲಿ ೨೦೧೦, ಇದ್ದದ್ದರಲ್ಲಿ ೨೦೧೪. “ಹಂಗಾದ್ರೆ ಇದು ಹಳೇದು, ಅದು ಹೊಸದು, ಅಷ್ಟೇನಾ?” ಎಂದರು. ಅಷ್ಟೇ. ಆ ಸಂಜೆಯಿಂದ ಅವರು ನಾಣ್ಯ ತೆಗೆದುಕೊಂಡರು. ಎದುರಂಗಡಿಯವರು ಬೇಡವೆಂದಾಗ ಇಸವಿಯ ಕತೆಯನ್ನು ತಾವೇ ಹೇಳಿ ಒಪ್ಪಿಸಿದರಂತೆ. ನಾವು ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿ ಹೇಳಿದರು ಎಂದೂ ಕೇಳಿದೆವು.

ಹೇನಿನ ಮಾತು ನೆನಪಿದೆಯೇ? ಬಟ್ಟೆ ಉಳಿಯಬೇಕೆಂದೆವು. ಅದಕ್ಕೆ ಮತ್ತೆ ಫೋರ್ಡರ ಬಳಿಗೇ ಹೋಗಬೇಕು. ೧೯೧೪ರ ಜನವರಿಯಲ್ಲಿ ಅವರು ದಿನಕ್ಕೆ ಐದು ಡಾಲರ್ ಕೂಲಿ, ಎಂಟು ಗಂಟೆಯ ಕೆಲಸ ಎಂದು ಸಾರಿದರು. ಲೋಕವೇ ಬೆರಗಾಯಿತು. ತನ್ನ ಕೆಲಸಗಾರರೇ ತನ್ನ ಮೋಟಾರು ಕೊಳ್ಳಲಿ ಎಂಬ ದೊಡ್ಡ ಮನಸ್ಸಿನಿಂದ ಫೋರ್ಡ್ ಕೂಲಿ ಹೆಚ್ಚಿಸಿದರೆಂದು ಇಂದಿಗೂ ಹೇಳುವವರಿದ್ದಾರೆ. ಲೆಕ್ಕ ಹಾಕಿ. ಕೆಲಸಗಾರರು ಸುಮಾರು ಹದಿನಾಲ್ಕು ಸಾವಿರ. ಆ ಕಾಲಕ್ಕೆ ವರ್ಷಕ್ಕೆ ತಯಾರಾಗುತ್ತಿದ್ದ ಮೋಟಾರುಗಳು ಎರಡು ಲಕ್ಷಕ್ಕೂ ಮಿಕ್ಕಿ. ಹದಿನಾಲ್ಕು ಸಾವಿರ ಜನ ತಲಾ ಒಂದು ಕೊಂಡರೂ ಆ ರಾಶಿಯಲ್ಲಿ ಅದು ಎಷ್ಟರ ಮಾತು? ನಿಜವಾದ ಕಾರಣ ಬೇರೆ. ಸರಪಳಿಯಂತೆ ಸಾಗುವ ಆ ಕೆಲಸದ ಬೇಸರಕ್ಕೆ ಜನ ನಿಲ್ಲುತ್ತಿರಲಿಲ್ಲ. ೧೯೧೩ರಲ್ಲಿ ಬಿಟ್ಟುಹೋದವರ ಪ್ರಮಾಣ ನೂರಕ್ಕೆ ೩೭೦ರಷ್ಟಿತ್ತು. ಎಂದರೆ ಒಂದೇ ಜಾಗಕ್ಕೆ ವರ್ಷದಲ್ಲಿ ಮೂರು ನಾಲ್ಕು ಸಲ ಆಳು ಹುಡುಕಬೇಕು. ಅಲ್ಲದೆ ಆ ಐದು ಡಾಲರಿನಲ್ಲಿ ಕೂಲಿ ೨.೩೪ ಮಾತ್ರ. ಉಳಿದದ್ದು ಲಾಭದ ಪಾಲು ಎಂಬ ಹೆಸರಿನಲ್ಲಿ, ಷರತ್ತಿನ ಮೇಲೆ. ಕೆಲಸಗಾರ ಕುಡಿಯುತ್ತಾನೋ, ಮನೆ ಚೊಕ್ಕಟವಾಗಿದೆಯೋ, ದುಡ್ಡು ಕೂಡಿಡುತ್ತಾನೋ ಎಂದು ನೋಡಲು ಕಂಪೆನಿಯವರು ಮನೆ ಬಾಗಿಲಿಗೇ ಬರುತ್ತಿದ್ದರು. ಮೊದಲಿಗೆ ಹೆಂಗಸರಿಗೆ ಅದು ಇರಲೂ ಇಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಈ ಸಭೆಯಲ್ಲಿ ಚಪ್ಪಾಳೆ ಬಿದ್ದೀತು. ಆದರೆ ಅದೂ ಬಂಕಂ ಜನರಿಗಾಗಿ ಮಾಡಿದ ಭಾಷಣವೇ ಆಗುತ್ತದೆ. ಐದು ಡಾಲರು ಸುಳ್ಳಲ್ಲ. ಷರತ್ತು ದಾಟಿದ ಸಾವಿರಾರು ಜನರ ಕೈಗೆ ಅದು ಬಂದದ್ದು ನಿಜ. ಅದು ಹಿಂದಿನ ಕೂಲಿಯ ಎರಡರಷ್ಟು. ಒಂಬತ್ತು ಗಂಟೆ ಎಂಟಾದದ್ದೂ ನಿಜ. ಆ ಕೂಲಿಯನ್ನು ಮನೆಗೆ ಒಯ್ದವನ ಎದುರು “ಅದೆಲ್ಲ ಬೊಗಳೆ” ಎಂದರೆ ಅವನು ನಮ್ಮ ಮುಖ ನೋಡಿ ನಕ್ಕಾನು. ತೆಗೆಯಬೇಕಾದದ್ದು ದೊಡ್ಡ ಮನಸ್ಸಿನ ಕತೆಯನ್ನು, ಕೂಲಿಯನ್ನಲ್ಲ.

ಈ ಮಾತನ್ನು ಇಷ್ಟು ಒತ್ತಿ ಹೇಳಲು ನಮ್ಮದೇ ಒಂದು ತಪ್ಪು ಕಾರಣ. ಹಳಬರಿಗೆ ನೆನಪಿರಬಹುದು. ಸುಮಾರು ಹದಿನೈದು ವರ್ಷದ ಹಿಂದೆ, ಒಂದು ಗಿರಣಿಯಲ್ಲಿ ತುಟ್ಟಿಭತ್ಯೆ ಎರಡು ವರ್ಷದಿಂದ ನಿಂತ ಕಡೆಯೇ ನಿಂತಿತ್ತು. ಗೇಟಿನ ಮುಂದೆ ಸಭೆ. ಎರಡು ಪಾಳಿಯ ಜನ ಸೇರಿದ್ದರು. ಜನ ಹೆಚ್ಚಿದಷ್ಟೂ ಮಾತಿಗೆ ಮದ ಏರುತ್ತದೆ. ಕಂಪೆನಿಯ ಲಾಭ ಒಂದೇ ವರ್ಷದಲ್ಲಿ ದುಪ್ಪಟ್ಟಾಗಿದೆ ಎಂದು ನಾವು ಕೈಯಲ್ಲಿದ್ದ ಅಢಾವೆ ಪತ್ರಿಕೆಯನ್ನು ಮೇಲೆತ್ತಿ ತೋರಿಸಿದೆವು. ಸಿಳ್ಳೆ, ಘೋಷಣೆ. ನಾವು ಓದಿದ್ದು ಮಾರಾಟದ ಮೊತ್ತದ ಸಾಲು. ಅದರಲ್ಲಿ ಏರಿಕೆ ಕಂಡದ್ದು ಬಹುಮಟ್ಟಿಗೆ ಹತ್ತಿಯ ಬೆಲೆ ಏರಿದ್ದರಿಂದ. ಲಾಭದ ಸಾಲು ಅದರ ಎಷ್ಟೋ ಕೆಳಗಿತ್ತು. ಅಲ್ಲಿ ಏರಿಕೆ ಅತ್ಯಲ್ಪ.

ಮರುದಿನ ಬೆಳಿಗ್ಗೆ ಆಫೀಸಿನವರು ಅದೇ ಪುಟದ ಪ್ರತಿಯನ್ನು ಸೂಚನಾ ಹಲಗೆಗೆ ಅಂಟಿಸಿ, ಲಾಭದ ಸಾಲಿಗೆ ಕೆಂಪು ಶಾಯಿಯ ಗೆರೆ ಎಳೆದಿದ್ದರು. ಕೆಳಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ: ಸಂಘದ ಎಲ್ಲ ಆರೋಪಗಳನ್ನೂ ‘ರಿಫ್ಯೂಟ್’ ಮಾಡಲಾಗಿದೆ ಎಂದು. ಲಾಭದ ಮಟ್ಟಿಗೆ ಆ ಮಾತು ಸಲ್ಲುತ್ತಿತ್ತು, ಪುರಾವೆ ಮೇಲೆಯೇ ಇತ್ತು. ತುಟ್ಟಿಭತ್ಯೆಯ ಮಟ್ಟಿಗೆ ಅವರು ಯಾವ ಪುರಾವೆಯನ್ನೂ ಕೊಟ್ಟಿರಲಿಲ್ಲ, ಕೊಡಲು ಇರಲೂ ಇಲ್ಲ. ಆದರೆ ‘ಎಲ್ಲ’ ಎಂಬ ಒಂದು ಮಾತಿನ ಕೆಳಗೆ ಎರಡನ್ನೂ ಹಾಕಿ ಮುಚ್ಚಿಬಿಟ್ಟರು. ಮುಚ್ಚಲು ಕಂಬಳಿ ಒದಗಿಸಿಕೊಟ್ಟವರು ನಾವೇ. ಆ ಸಂಜೆ ಗೇಟಿನ ಮುಂದೆ ಮೂವತ್ತು ಜನ ಕೂಡ ನಿಲ್ಲಲಿಲ್ಲ. ತಿಂಗಳ ಕೊನೆಗೆ ಕೇಳಿದ್ದರಲ್ಲಿ ಅರ್ಧಕ್ಕೂ ಕಡಿಮೆಗೆ ಒಪ್ಪಂದವಾಯಿತು.

ಮಗ್ಗದ ಖಾತೆಯ ಹಿರಿಯ ಜಾಬರ್ ಒಬ್ಬರು ಆ ರಾತ್ರಿ ನಮ್ಮ ಜೊತೆ ಮನೆಯವರೆಗೂ ನಡೆದು ಬಂದರು. ಬೈಯಲಿಲ್ಲ. ತಮ್ಮ ಜೇಬಿನಿಂದ ಎರಡು ಪಗಾರದ ಚೀಟಿ ತೆಗೆದು, ದೀಪದ ಕಂಬದ ಕೆಳಗೆ ಹಿಡಿದರು. ಎರಡು ವರ್ಷದ ಅಂತರದ ಚೀಟಿಗಳು. ಭತ್ಯೆಯ ಅಂಕಿ ಎರಡರಲ್ಲೂ ಒಂದೇ. “ತಮ್ಮಾ, ಕಂಪ್ನಿ ಪುಸ್ತಕ ಯಾಕ್ ಬೇಕಿತ್ತು? ಇವೆರಡನ್ನೇ ಓದಿದ್ರೆ ಸಾಕಿತ್ತಲ್ಲಪ್ಪಾ” ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ಆ ಚೀಟಿಗಳನ್ನು ಅವರಿಂದ ಕೇಳಿ ಪಡೆದೆವು. ಇಂದು ತಂದಿದ್ದೇವೆ, ನೋಡಬೇಕೆನ್ನುವವರು ನೋಡಬಹುದು.

ಕನ್ನಡದಲ್ಲಿ ‘ಡಿಬಂಕ್’ಗೆ ಒಂದು ಮಾತು ಬೇಕೆಂದು ಆ ತರುಣರು ಕೇಳಿದ್ದರು. ಹೊಸದನ್ನು ಕಟ್ಟುವ ಅಗತ್ಯ ನಮಗಂತೂ ಕಾಣಲಿಲ್ಲ. ಬುರುಡೆ ಬಿಡುವವನ ‘ಬಂಡವಾಳ ಬಯಲು ಮಾಡುವುದು’ ಎಂದರೆ ಅಂಗಡಿಯವರಿಗೂ ಗಿರಣಿಯವರಿಗೂ ಗೊತ್ತು. ರೀಲಿಂಗ್ ಖಾತೆಯ ಅಕ್ಕ ಒಬ್ಬರು ನಿನ್ನೆ ಇನ್ನೊಂದು ಮಾತು ಸೂಚಿಸಿದರು: ಜೊಳ್ಳು ತೂರುವುದು. ಅವರ ತವರು ಹಳ್ಳಿ, ಕಣದ ಕೆಲಸ ಬಲ್ಲವರು. ಗಾಳಿಗೆ ಹಿಡಿದರೆ ಜೊಳ್ಳು ಹಾರಿ ಕಾಳು ಕಾಲ ಬುಡದಲ್ಲೇ ಬೀಳುತ್ತದೆ. ನಮಗೆ ಇದೇ ಹೆಚ್ಚು ಮೆಚ್ಚಿಗೆಯಾಯಿತು, ಏಕೆಂದರೆ ‘ಬಯಲು ಮಾಡು’ ಎನ್ನುವಾಗ ಕಾಳಿನ ಸುದ್ದಿಯೇ ಇರುವುದಿಲ್ಲ. ಪತ್ರಿಕೆಯ ತಲೆಬರಹಕ್ಕೆ ಉದ್ದವಾಯಿತೆಂದು ಸಂಪಾದಕರು ಗೊಣಗಿದರೆ ಅದು ಅವರ ಪಾಡು.

ರಾತ್ರಿ ಪಾಳಿಯವರು ಹೊರಡುವ ಹೊತ್ತಾಯಿತು. ‘ರಿಬಟ್’ ಎಂಬ ವಕೀಲರ ಮಾತೊಂದು ಉಳಿದಿದೆ, ಮುಂದಿನ ವಾರ ನೋಡೋಣ. ಚಹಾದ ಲೆಕ್ಕಕ್ಕೆ ಕೂಡಿದ ಹಣದಲ್ಲಿ ಹತ್ತರ ನಾಣ್ಯ ಏಳು ಬಂದಿವೆ, ಅದರಲ್ಲಿ ಮೂರಕ್ಕೆ ರೂಪಾಯಿಯ ಗುರುತಿಲ್ಲ. ಹೋಟೆಲಿನವರು ಅದೋ ಅಲ್ಲೇ ಬಾಗಿಲ ಬಳಿ ನಿಂತು ಇದುವರೆಗೆ ಎಲ್ಲವನ್ನೂ ಕೇಳಿದ್ದಾರೆ. ಅವರ ಕೈಗೆ ಮೊದಲು ಆ ಮೂರನ್ನೇ ಕೊಡಿ.